ಚಿಕ್ಕಮ್ಮನ ಹಾಡಿಗೊಂದು ಕಾವಲು

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕಮ್ಮನ ಕತ್ತನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ನೋಡಿದರು. ನೀರು ಕುಡಿಸಿ, ನುಂಗುವಾಗ ಗಂಟು ಹೇಗೆ ಸರಿಯುತ್ತದೆ ಎಂದು ನೋಡಿದರು. ಆಮೇಲೆ ಸ್ಕ್ಯಾನಿಂಗ್ ವರದಿಯನ್ನು ಮತ್ತೊಂದು ಸಲ ಓದಿ, "ಥೈರಾಯ್ಡ್ ಗಡ್ಡೆ ಇದು. ಕೆಟ್ಟದ್ದಲ್ಲ, ಹೆದರ್ಬೇಡಿ. ಆದ್ರೆ ಬೆಳೀತಾ ಇದೆ. ಆಪರೇಷನ್ ಮಾಡಿ ತೆಗೆಸ್ಬಿಡೋದು ಒಳ್ಳೇದು" ಅಂದರು.

"ತೆಗೀರಿ ಸಾರ್, ಬೇಡ ಅಂದೋರ್ಯಾರು" ಅಂದಳು ಚಿಕ್ಕಮ್ಮ. "ಆದ್ರೆ ಆಮೇಲೆ ಹಾಡಕ್ಕಾಯ್ತದಾ?"

ಡಾಕ್ಟರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಹಾಡ್ತೀರಾ ನೀವು?"

"ನಮ್ಮ ಕಡೆ ಮದುವೆ ಅಂದ್ರೆ ಚಪ್ಪರದಾಗೆ ನಾನು ಇರ್ಲೇಬೇಕು ಸಾರ್."

ಧ್ವನಿಯ ನರ ಆ ಗಡ್ಡೆಯ ಬೆನ್ನಿಗೇ ಅಂಟಿಕೊಂಡಂತೆ ಹಾದುಹೋಗುತ್ತದೆ, ಅದನ್ನು ಕಾಪಾಡಿಕೊಂಡೇ ಆಪರೇಷನ್ ಮಾಡುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಗಂಟಲು ಕಟ್ಟಿದಂತಿರುತ್ತದೆ, ಒಬ್ಬೊಬ್ಬರಿಗೆ ಧ್ವನಿ ಬದಲಾಗಿಬಿಡುವುದೂ ಉಂಟು ಎಂದು ಅವರು ಬಿಡಿಸಿ ಹೇಳಿದರು. ಮುಚ್ಚುಮರೆ ಮಾಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಆಪರೇಷನ್ ಎಂದು ನಿಗದಿಯಾಯಿತು.

ನಾನೂ ಅವಳೂ ಶಿಡ್ಲಘಟ್ಟದ ಬಸ್ಸು ಹತ್ತಿ ಕೂತೆವು. ಊರು ದಾಟಿ ದ್ರಾಕ್ಷಿ ತೋಟಗಳು ಕಾಣತೊಡಗಿದಾಗ ಚಿಕ್ಕಮ್ಮ ನನ್ನ ಮೊಣಕೈಯನ್ನು ತಿವಿದು, "ನಿನ್ ಕಂಪ್ಯೂಟ್ರಲ್ಲಿ ಅದೇನೋ ಹಾಡು ಹಿಡೀತೀಯಲ್ಲಮ್ಮಾ, ನನ್ನವೂ ಹಿಡ್ಕೊಂಬಿಡು. ಅಮ್ಮ ಕಲಿಸಿದ್ದು ಎಲ್ಲಾನೂವೆ. ಆಮೇಲೆ ದೇವ್ರು ನಡೆಸಿದಂಗಾಗ್ಲಿ" ಅಂದಳು.

ಅಮ್ಮ ಎಂದರೆ ನನ್ನ ಅಜ್ಜಿ. ಅವಳ ಹಾಡುಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕೆಲವದರಲ್ಲಿ ಸಾಲು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ರಾಗಿ ಬೀಸುವಾಗಿನವು, ಅರಿಶಿನ ಹಚ್ಚುವಾಗಿನವು, ಬೀಗರನ್ನು ಗೇಲಿ ಮಾಡುವವು, ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ನಿದ್ದೆ ಬಾರದಿರಲೆಂದು ಹಾಡಿಕೊಳ್ಳುವವು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಅಮ್ಮನಿಗೆ ಹಾಡು ಬರುತ್ತಿರಲಿಲ್ಲ. ಹೀಗಾಗಿ ಅಷ್ಟೂ ಹಾಡುಗಳು ಉಳಿದಿದ್ದು ದಿಬ್ಬೂರಹಳ್ಳಿಯ ಈ ಚಿಕ್ಕಮ್ಮನ ಗಂಟಲಲ್ಲಿ ಮಾತ್ರ.

ನಾನು ಶಿಡ್ಲಘಟ್ಟದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ ಪಾಠ ರೆಕಾರ್ಡ್ ಮಾಡಿ ಕಳಿಸಬೇಕಾಯಿತು. ಮೊಬೈಲಿನಲ್ಲಿ ನನ್ನ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆಂದು ಒಂದು ಮೈಕು ತಂದೆ. ಮೈಕು ಬಂದ ಮೇಲೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ ಬಂತು, ಹೆಡ್‌ಫೋನ್ ಬಂತು. ಶಾಲೆ ತೆರೆದ ಮೇಲೂ ಆ ಗೀಳು ಬಿಡಲಿಲ್ಲ. ಮಕ್ಕಳ ಪ್ರಾರ್ಥನೆ, ಬಂಧುಗಳ ಮನೆಯ ಭಜನೆ, ಸಿಕ್ಕಿದ್ದನ್ನೆಲ್ಲ ಹಿಡಿದಿಡುತ್ತಿದ್ದೆ.

ಅದಕ್ಕೆ ನನಗೆ ಸಿಕ್ಕ ಜಾಗ ನಮ್ಮ ಹಳೆಯ ಹುಳುಮನೆ. ನಮ್ಮ ಮನೆಯವರು ರೇಷ್ಮೆಹುಳು ಸಾಕುವುದನ್ನು ಬಿಟ್ಟು ಈಗ ಹಿಪ್ಪುನೇರಳೆ ಸೊಪ್ಪನ್ನಷ್ಟೇ ಬೆಳೆದು ಮಾರುತ್ತಾರೆ. ಖಾಲಿ ಬಿದ್ದ ಆ ಕೋಣೆಯ ಗೋಡೆ ದಪ್ಪ, ಕಿಟಕಿ ಸಣ್ಣ. ಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಮೇಲೆ ಹಳೆಯ ಕೌದಿಗಳನ್ನು ಇಳಿಬಿಟ್ಟಾಗ ಪ್ರತಿಧ್ವನಿ ನಿಂತುಹೋಯಿತು. ತೊಂದರೆ ಎಂದರೆ ಪಕ್ಕದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕದ ರಾಟೆಗಳ ಸದ್ದು. ಶುಕ್ರವಾರ ಮಧ್ಯಾಹ್ನ ಅಲ್ಲಿನ ಕೆಲಸಗಾರರೆಲ್ಲ ನಮಾಜಿಗೆ ಹೋದಾಗ ಮಾತ್ರ ನಮ್ಮ ಬೀದಿ ಪೂರ್ತಿ ಸದ್ದಡಗುತ್ತದೆ. ಬೇಸಿಗೆ ರಜೆಯಾದ್ದರಿಂದ ನನಗೂ ಶುಕ್ರವಾರಗಳು ಸಿಕ್ಕವು.

ಚಿಕ್ಕಮ್ಮ ಬಸ್ಸಿನಲ್ಲಿ ಬಂದಿಳಿಯುತ್ತಿದ್ದಳು. ಚಿಂತಾಮಣಿಯಿಂದ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಡೋಲಕ್ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದರು. ಅವರು ಮುರುಗಮಲ್ಲದ ದರ್ಗಾದಲ್ಲಿ ಕವ್ವಾಲಿಗೆ ಡೋಲಕ್ ನುಡಿಸಿ ಕಲಿತವರು. ಅಜ್ಜಿಯ ಹಾಡಿನ ಓಟ ಅವರ ಬೆರಳಿಗೆ ಬೇಗ ಹಿಡಿಸಿತು. ಸದ್ದಾಗುತ್ತದೆಂದು ಫ್ಯಾನು ಆರಿಸಿ, ಬಾಗಿಲು ಹಾಕಿ, ಶ್ರುತಿಪೆಟ್ಟಿಗೆ ಹಚ್ಚಿಕೊಂಡು, ಮೂವರೂ ಬೆವರಿ ತೊಪ್ಪೆಯಾಗುತ್ತ ಮೊದಲ ಕಂತಿನ ಹಾಡುಗಳನ್ನು ಮುಗಿಸಿದೆವು. ಚೆನ್ನಾಗಿ ಬಂದಿದ್ದವು. ಬೀಸುವ ಹಾಡೊಂದರ ಕೊನೆಯಲ್ಲಿ ಚಿಕ್ಕಮ್ಮ ದನಿಯನ್ನು ಮೇಲಕ್ಕೆ ಒಯ್ದು ಅಲ್ಲೇ ತುಸು ಹೊತ್ತು ನಿಲ್ಲಿಸುತ್ತಾಳೆ. ಹೆಡ್‌ಫೋನಿನಲ್ಲಿ ಅದನ್ನು ಕೇಳಿ ನನ್ನ ಕೈ ರೋಮ ನೆಟ್ಟಗಾಗಿತ್ತು.

"ಮೇಡಂ, ನಂಗೊಂದು ಕಾಪಿ ಹಾಕ್ಕೊಡಿ, ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡ್ ಬರ್ತೀನಿ" ಎಂದು ಮೇಷ್ಟ್ರು ಪೆನ್‌ಡ್ರೈವ್ ಕೊಟ್ಟರು. ಹಾಕಿಕೊಟ್ಟೆ. ಆ ಪೆನ್‌ಡ್ರೈವ್ ಕ್ರೀಡಾಕೂಟದ ಪ್ರಮಾಣಪತ್ರ ಮುದ್ರಿಸಲು ಯಾವುದೋ ಝೆರಾಕ್ಸ್ ಅಂಗಡಿಗೆ ಹೋಗಿ ಬಂದಿತ್ತು ಎಂಬುದು ಆಮೇಲೆ ತಿಳಿದ ಸಂಗತಿ.

ಮರುದಿನ ಕಂಪ್ಯೂಟರ್ ತೆರೆದರೆ ಚಿಕ್ಕಮ್ಮನ ಹಾಡುಗಳ ಫೋಲ್ಡರ್ ಇದ್ದ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲೊಂದು ಬಾಣದ ಗುರುತಿರುವ ಚಿತ್ರ ಮಾತ್ರ ಇತ್ತು. ಒತ್ತಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ಮಕ್ಕಳ ಪ್ರಾರ್ಥನೆಯದೂ ಹಾಗೆಯೇ, ಭಜನೆಯದೂ ಹಾಗೆಯೇ. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಮನೆಯವರನ್ನು ಕೂಗಿದೆ.

ಅವರು ಬಂದು ಪರದೆ ನೋಡಿದರು. ಕಂಪ್ಯೂಟರಿನ ಬಗ್ಗೆ ಅವರಿಗೆ ಏನೂ ತಿಳಿಯದು. "ವೈರಸ್ಸಾ?" ಎಂದು ಕೇಳಿದರು.

"ಹಂಗೇ ಕಾಣುತ್ತೆ ರೀ."

"ಮತ್ತೆ ಅದನ್ನ ಹಿಡ್ಕೊಂಡು ಯಾಕೆ ಕೆದಕ್ತಾ ಕೂತಿದೀಯ? ಹುಳಕ್ಕೆ ರೋಗ ಬಂದ್ರೆ ಮೊದ್ಲು ಆ ತಟ್ಟೆ ಆಚೆಗಿಡ್ತೀವಿ. ಆಮೇಲೆ ಮಿಕ್ಕಿದ್ದು. ಆರ್ಸು ಅದನ್ನ."

ಆರಿಸಿದೆ. ಇಂಟರ್‌ನೆಟ್ ತಂತಿ ಕಿತ್ತೆ. ಮಾರನೆಯ ದಿನ ಸಿಪಿಯು ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಚಿಕ್ಕಬಳ್ಳಾಪುರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಚುರುಕಾದ ಮನುಷ್ಯ. ಕೀಲಿಮಣೆಯ ಮೇಲೆ ಏನೇನೋ ಕುಟ್ಟಿ, "ಎಲ್ಲಾ ಇದೆ ಮೇಡಂ, ಎಲ್ಲೂ ಹೋಗಿಲ್ಲ. ನಿಮ್ ಫೋಲ್ಡರ್‌ಗಳನ್ನ ಬಚ್ಚಿಟ್ಟು, ಅದರ ಹೆಸ್ರಲ್ಲಿ ತಾನು ಬಂದು ಕೂತ್ಕೊಂಡಿದೆ ಅಷ್ಟೆ" ಅಂದ. ಬಚ್ಚಿಟ್ಟದ್ದನ್ನು ತೋರಿಸುವಂತೆ ಮಾಡಿದ. ಒಂದೊಂದಾಗಿ ಫೋಲ್ಡರ್‌ಗಳು ಮೂಡಿಬಂದವು. ಒಂದನ್ನು ಹಾಕಲು ಹೇಳಿದೆ. ಆ ಸಣ್ಣ ಅಂಗಡಿಯ ಸ್ಪೀಕರಿನಲ್ಲಿ ಚಿಕ್ಕಮ್ಮ ಅರಿಶಿನ ಹಚ್ಚುವ ಹಾಡು ಶುರುಮಾಡಿದಾಗ, ಚಾರ್ಜರ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು, "ಇದು ನಮ್ಮಮ್ಮನೂ ಹೇಳ್ತಿದ್ಲು ಕಣಮ್ಮಾ" ಎನ್ನುತ್ತ ಹಾಡು ಮುಗಿಯುವವರೆಗೂ ನಿಂತಳು.

ವೈರಸ್ ತೆಗೆದು, ತನ್ನಲ್ಲಿದ್ದ ದೊಡ್ಡ ಆಂಟಿವೈರಸ್ ಒಂದನ್ನು ಹಾಕಿ, "ಇನ್ನು ಸೊಳ್ಳೇನೂ ಒಳಗೆ ಬರಲ್ಲ" ಎಂದು ಧೈರ್ಯ ಹೇಳಿ ಕಳಿಸಿದ.

ಮುಂದಿನ ಶುಕ್ರವಾರ ಚಿಕ್ಕಮ್ಮ ಹೊಸ ಹಾಡು ಹಾಡಿದಳು. ಮುಗಿಸಿ, ಬೆವರೊರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಅವಳ ಮುಖ ನಿಧಾನವಾಗಿ ಇಳಿಯಿತು. ನನ್ನ ಕೈಗೆ ಹೆಡ್‌ಫೋನ್ ಕೊಟ್ಟಳು. ಕೇಳಿದರೆ, ಉದ್ದವಾಗಿ ಎಳೆದ ಸ್ವರಗಳ ನಡುವೆ ಚಟಚಟ ಎಂದು ಸೀಳಿದಂಥ ಸದ್ದು, ಒಣಗಿದ ತೊಗರಿಕಾಯಿ ಬಿಸಿಲಿಗೆ ಸಿಡಿದ ಹಾಗೆ.

"ನನ್ ಗಂಟ್ಲು ಇಷ್ಟು ಕೆಟ್ಟೋಗಿದೆಯೇನೇ?" ಎಂದಳು. ಅವಳ ಕೈ ಕತ್ತಿನ ಗಂಟಿನ ಮೇಲಿತ್ತು. "ಹಾಡೋವಾಗ ನಂಗೆ ಗೊತ್ತೇ ಆಗ್ಲಿಲ್ಲ."

"ನಿನ್ ಗಂಟ್ಲಲ್ಲ ಚಿಕ್ಕಮ್ಮಾ, ಇದು ಮಿಷನ್ನಿಂದು."

"ನನ್ ಸಮಾಧಾನಕ್ಕೆ ಹೇಳ್ಬೇಡ. ಹೋದ ಸಾರಿ ಇದೇ ಮಿಷನ್ನೇ ತಾನೆ? ಆಗ ಚೆನ್ನಾಗೇ ಇತ್ತಲ್ಲ."

ಅವಳು ಕುಂಕುಮ ಸರಿಮಾಡಿಕೊಂಡು, ಇನ್ನು ಹಾಡುವುದಿಲ್ಲವೆನ್ನುವಂತೆ ಸೆರಗು ಹೊದ್ದು ಕೂತಳು. ಮೇಷ್ಟ್ರು ಡೋಲಕ್ಕಿನ ಹಗ್ಗವನ್ನು ಸುಮ್ಮನೆ ಬಿಗಿ ಮಾಡುತ್ತಿದ್ದರು. ಮಾತಿನಲ್ಲಿ ಹೇಳಿದರೆ ಚಿಕ್ಕಮ್ಮ ನಂಬುವವಳಲ್ಲ, ಅವಳ ಕಿವಿಗೇ ತೋರಿಸಬೇಕು ಅನ್ನಿಸಿತು. ಸೊಪ್ಪು ಕೊಯ್ದು ಬಂದು ಜಗಲಿಯಲ್ಲಿ ಕೂತಿದ್ದ ಮನೆಯವರನ್ನು ಎಳೆದುಕೊಂಡು ಬಂದು ಮೈಕಿನ ಮುಂದೆ ಕೂರಿಸಿ, ಕೈಗೆ ಅಂದಿನ ಪತ್ರಿಕೆ ಕೊಟ್ಟು, "ಜೋರಾಗಿ ಓದಿ" ಅಂದೆ. ಅವರು ಕಕ್ಕಾಬಿಕ್ಕಿಯಾಗಿ ಟೊಮೆಟೊ ಧಾರಣೆ ಓದಿದರು. ಅದನ್ನು ಚಿಕ್ಕಮ್ಮನ ಕಿವಿಗೆ ಹಾಕಿದೆ. ಅಲ್ಲೂ ಅದೇ ಚಟಚಟ.

ಚಿಕ್ಕಮ್ಮ ಕಣ್ಣರಳಿಸಿ ಅವರನ್ನು ನೋಡಿದಳು. "ಅಯ್ಯೋ, ಅಳಿಯಂದ್ರಿಗೂ ಗಡ್ಡೆ ಬಂತಲ್ಲಮ್ಮಾ!"

ಮೇಷ್ಟ್ರು ಡೋಲಕ್ ಬಿಟ್ಟು ನಕ್ಕರು. ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಆದರೂ ಯಂತ್ರ ಸರಿಹೋಗಬೇಕಿತ್ತಲ್ಲ. ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಒಂದೇ ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಆ ವಾರವೆಲ್ಲ ಬೆಳಗಿನ ಕೆಲಸ ಮುಗಿಸಿ ಅದನ್ನೇ ಮಾಡಿದೆ. ಮೈಕಿನ ತಂತಿ ಬದಲಿಸಿದೆ, ಚಟಚಟ ಹೋಗಲಿಲ್ಲ. ಮೈಕಿನ ಪೆಟ್ಟಿಗೆಯನ್ನು ಕಂಪ್ಯೂಟರಿನ ಬೇರೆ ಕಡೆ ಚುಚ್ಚಿದೆ, ಹೋಗಲಿಲ್ಲ. ಅಂಗಡಿಯವನ ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಸದ್ದು ಪೂರ್ತಿ ನಿಂತಿತು. ಮತ್ತೆ ಹಾಕಿದೆ, ಬಂತು. ಕಳ್ಳ ಸಿಕ್ಕಿದ.

ಕಳ್ಳ ಅನ್ನುವುದೂ ತಪ್ಪೇ. ಅದು ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿತ್ತು. ಹಾಡುವಾಗ ಕಂಪ್ಯೂಟರ್ ದನಿಯನ್ನು ಚೂರುಚೂರಾಗಿ, ಎಲ್ಲೂ ನಿಲ್ಲದೆ ಒಳಗೆ ಬರೆದುಕೊಳ್ಳುತ್ತಾ ಹೋಗುತ್ತದೆ. ಆ ಕಾವಲು ಪ್ರತಿ ಚೂರನ್ನೂ ತಡೆದು, ಯಾರು ನೀನು ಎಂದು ವಿಚಾರಿಸಿ ಬಿಡುತ್ತಿತ್ತು. ಆ ಕೂದಲೆಳೆಯಷ್ಟು ತಡವೇ ನಮ್ಮ ಕಿವಿಗೆ ಚಟ್ ಎಂದು ಕೇಳುತ್ತಿದ್ದುದು.

ಅದನ್ನು ತೆಗೆದುಹಾಕಿ, ಪುಕ್ಕಟೆ ಸಿಗುವ ಇನ್ನೊಂದನ್ನು ಇಳಿಸಿಕೊಂಡೆ. ಅದು ಹಗುರವಾಗಿತ್ತು, ಚಟಚಟ ಇರಲಿಲ್ಲ. ಖುಷಿಯಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿ ಕರೆಸಿದೆ. ಬೀಗರ ಹಾಡಿನಲ್ಲಿ ಅವಳು ಗಂಡಿನ ತಾಯಿಯ ಮೂಗಿನ ವರ್ಣನೆ ಮಾಡುತ್ತಿದ್ದಾಗ ಹೆಡ್‌ಫೋನಿನಲ್ಲಿ 'ಟಿಣ್' ಎಂದು ಸದ್ದಾಗಿ, ದುಡ್ಡು ಕೊಟ್ಟರೆ ಇನ್ನೂ ಚೆನ್ನಾಗಿ ಕಾಯುತ್ತೇನೆ ಎನ್ನುವ ಜಾಹೀರಾತು ಪರದೆ ತುಂಬ ಬಂದು ಕೂತಿತು. ಚಿಕ್ಕಮ್ಮ ಬೆಚ್ಚಿ, "ಯಾರೇ ಅದು ಮಧ್ಯದಾಗೆ ಗಂಟೆ ಹೊಡೆದೋರು?" ಎಂದಳು. ಆ ಪ್ರಶ್ನೆಯೂ ರೆಕಾರ್ಡ್ ಆಗಿದೆ, ಈಗಲೂ ಇದೆ.

"ಮೇಡಂ, ಇವು ಯಾವ್ದೂ ಬೇಡ. ನೆಟ್ ಕಿತ್ತಾಕಿ, ಆರಾಮಾಗಿರಿ" ಎಂದರು ಮೇಷ್ಟ್ರು.

"ನೆಟ್ಟಿಂದ ಬಂದಿದ್ದಲ್ಲ ಸರ್ ಅದು."

ಅವರು ತಮ್ಮ ಪೆನ್‌ಡ್ರೈವನ್ನು ನೆನೆದು ಕಿವಿ ಹಿಡಿದುಕೊಂಡರು. "ಅದನ್ನ ಮನೇಲಿ ಬೀರುನಲ್ಲಿಟ್ಟು ಬೀಗ ಹಾಕಿದೀನಿ ಮೇಡಂ, ಯಾರ್ಗೂ ಕೊಡಲ್ಲ."

ಕಾವಲೇ ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ಒಂದು ಸಲ ಫೋಲ್ಡರ್ ಮಾಯವಾದದ್ದನ್ನು ನೋಡಿದ ಮೇಲೆ ಹಾಗೆನ್ನುವುದು ಕಷ್ಟ. ಎರಡನೆಯದನ್ನೂ ಪೂರ್ತಿ ಅಳಿಸಿ ಕಂಪ್ಯೂಟರನ್ನು ಮತ್ತೆ ಶುರುಮಾಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣ ಗುರಾಣಿಯ ಚಿತ್ರ. ಕಂಪ್ಯೂಟರಿನ ಜೊತೆಗೇ ಬಂದಿರುವ ಕಾವಲು ಅದು. ಬೇರೆಯವರು ಬಂದರೆ ಸುಮ್ಮನೆ ಪಕ್ಕಕ್ಕೆ ಸರಿದು ನಿಂತು, ಅವರು ಹೋದ ಮೇಲೆ ತಾನಾಗಿಯೇ ಕೆಲಸಕ್ಕೆ ಹಾಜರಾಗಿತ್ತು. ಅದರ ಸೆಟ್ಟಿಂಗುಗಳನ್ನು ಪೂರ್ತಿ ಓದಿದೆ. ಯಾವುದನ್ನು ನೋಡಬೇಕು, ಯಾವಾಗ ನೋಡಬೇಕು, ಯಾವುದರ ತಂಟೆಗೆ ಹೋಗಬಾರದು ಎಂದು ನಾವೇ ಹೇಳಬಹುದಿತ್ತು.

ಹಾಡು ಬರೆದುಕೊಳ್ಳುವ ಫೋಲ್ಡರನ್ನು ಮುಟ್ಟಬೇಡ ಎಂದು ಅದಕ್ಕೆ ಹೇಳಿದೆ. ಹಾಗೆ ಬಿಟ್ಟ ಮೇಲೆ ಆ ಫೋಲ್ಡರಿಗೆ ಹೊರಗಿನದು ಏನೂ ನೇರವಾಗಿ ಹೋಗಬಾರದಲ್ಲ. ಅದಕ್ಕೆ 'ಜಗಲಿ' ಎಂಬ ಇನ್ನೊಂದು ಫೋಲ್ಡರ್ ಮಾಡಿದೆ. ಯಾರು ಏನೇ ತಂದರೂ ಮೊದಲು ಜಗಲಿಯಲ್ಲಿ ಕೂರಬೇಕು, ತಪಾಸಣೆ ಆಗಬೇಕು, ಆಮೇಲೇ ಒಳಗೆ. ಇಡೀ ಕಂಪ್ಯೂಟರಿನ ತಪಾಸಣೆಯನ್ನು ಭಾನುವಾರ ಬೆಳಿಗ್ಗೆ, ನಾನು ಬಟ್ಟೆ ಒಗೆಯುವ ಹೊತ್ತಿಗೆ ಇಟ್ಟೆ. ರೆಕಾರ್ಡಿಂಗ್ ಹೊತ್ತಿನಲ್ಲಿ ನೆಟ್ಟೂ ಇಲ್ಲ, 'ಟಿಣ್' ಅನ್ನುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟು ಒಳ್ಳೆಯ ಕಾವಲಿದ್ದರೂ ಒಂದೇ ಮನೆಯಲ್ಲಿ ಎಲ್ಲವನ್ನೂ ಇಡಬಾರದು ಎಂದು ಅರ್ಥವಾಗಿತ್ತು. ಹಾಡುಗಳನ್ನು ಎರಡು ಹಾರ್ಡ್‌ಡಿಸ್ಕಿಗೆ ತುಂಬಿಸಿ, ಒಂದನ್ನು ನನ್ನ ಬೀರುವಿನಲ್ಲಿಟ್ಟು, ಇನ್ನೊಂದನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ.

ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಇದ್ರಾಗೆ ಅಮ್ಮನ ಹಾಡೆಲ್ಲ ಅದಾವಾ?"

"ಇಲ್ಲಿವರೆಗೂ ಹಾಡಿದ್ದೆಲ್ಲಾ ಇವೆ."

"ತಂಬಿಟ್ಟಿನಷ್ಟೂ ತೂಕ ಇಲ್ವಲ್ಲೇ" ಎಂದು ಅದನ್ನು ಕರವಸ್ತ್ರದಲ್ಲಿ ಕಟ್ಟಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

ಆಮೇಲಿನ ಶುಕ್ರವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು. ರಾಟೆಗಳು ನಿಂತೊಡನೆ ಚಿಕ್ಕಮ್ಮ ಕಣ್ಣು ಮುಚ್ಚುತ್ತಿದ್ದಳು. ಒಂದು ಹಾಡಿನ ನಡುವೆ ಮರೆತ ಸಾಲನ್ನು ನೆನಪಿಸಿಕೊಳ್ಳಲು ರಾಗಿ ಬೀಸುವ ಹಾಗೆ ಕೈ ತಿರುಗಿಸುತ್ತಿದ್ದಳು, ಕೈ ತಿರುಗಿದಂತೆ ಸಾಲು ಬರುತ್ತಿತ್ತು. ಕೇಳಿದರೆ ಅವಳ ದನಿ ಸ್ವಚ್ಛವಾಗಿತ್ತು. ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತಿತ್ತು. "ಪರ್ವಾಲೇದು, ಇನ್ನೂ ಗಟ್ಟಿಯಾಗೇ ಅದೆ" ಎಂದು ತನಗೆ ತಾನೇ ಹೇಳಿಕೊಂಡಳು. ಆಪರೇಷನ್ನಿನ ಹಿಂದಿನ ವಾರ ಅವಳಿಗೆ ಗೊತ್ತಿದ್ದ ಹಾಡುಗಳು ಮುಗಿದವು.

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಕಣ್ಣು ಬಿಟ್ಟ ಚಿಕ್ಕಮ್ಮನ ಬಾಯಿಂದ ಬಂದದ್ದು ಬರೀ ಗಾಳಿ. ಡಾಕ್ಟರು, ನರಕ್ಕೆ ಏನೂ ಆಗಿಲ್ಲ, ಸೋತಿದೆ ಅಷ್ಟೆ, ಕಾಯಬೇಕು ಅಂದರು. ಶಾಲೆ ಶುರುವಾಯಿತು, ರಾಗಿ ಬಿತ್ತನೆಯೂ ಮುಗಿಯಿತು, ಚಿಕ್ಕಮ್ಮ ಪಿಸುಗುಟ್ಟುತ್ತಲೇ ಇದ್ದಳು. ಫೋನಿನಲ್ಲಿ ಅವಳ ಮಾತು ಕೇಳುತ್ತಿರಲಿಲ್ಲವಾದ್ದರಿಂದ ನಾನೇ ದಿಬ್ಬೂರಹಳ್ಳಿಗೆ ಹೋಗುತ್ತಿದ್ದೆ. ಒಮ್ಮೆ, "ನಿನ್ ಹಾಡು ಹಾಕ್ಲಾ?" ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದಳು. ನಾನು ಮತ್ತೆ ಕೇಳಲಿಲ್ಲ. ಡಾಕ್ಟರು ಹೇಳಿಕೊಟ್ಟ ಗಂಟಲಿನ ವ್ಯಾಯಾಮವನ್ನು ಅವಳು ದಿನವೂ ಮಾಡುತ್ತಿದ್ದಳು. ಹಿತ್ತಲಲ್ಲಿ ಹಸುವಿನ ಪಕ್ಕ ನಿಂತು 'ಆ' ಎನ್ನುವಾಗ ಹಸು ತಿರುಗಿ ನೋಡುತ್ತಿತ್ತಂತೆ.

ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆ ಬಾಗಿಲಿಗೆ ಬಂದಳು. "ಏನಮ್ಮಾ, ಊಟ ಆಯ್ತಾ?" ಎಂದಳು. ನಾನು ಒಗೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದುನಿಂತೆ. ದನಿ ಬಂದಿತ್ತು. ಮೊದಲಿನದಲ್ಲ, ದಪ್ಪ, ತಳದಿಂದ ಬಂದಂಥದು, ಯಾರೋ ಗಂಡಸು ಮೃದುವಾಗಿ ಮಾತಾಡಿದಂತೆ. ಆದರೆ ಬಂದಿತ್ತು.

"ಹಾಕು ನೋಡಣ, ಆವತ್ತಿನವು" ಎಂದು ಹುಳುಮನೆಗೆ ನಡೆದಳು.

ಬೀಸುವ ಹಾಡು ಹಾಕಿದೆ. ದನಿ ಮೇಲಕ್ಕೇರಿ ನಿಲ್ಲುವ ಆ ಜಾಗ ಬಂದಾಗ ನಾನು ಅವಳ ಮುಖ ನೋಡಲಾರದೆ ಪರದೆ ನೋಡುತ್ತ ಕೂತೆ. ಅವಳು ನನ್ನ ಭುಜ ತಟ್ಟಿ, "ನಿಲ್ಸು, ನಿಲ್ಸು. ಇಲ್ಲಿ ತಪ್ಪು ಹೇಳಿದೀನಿ ಕಣೇ. ಅಮ್ಮ ಇಲ್ಲಿ ಎರಡು ಸಾರಿ ತಿರುಗಿಸೋಳು" ಎಂದಳು. ಮುಂದಿನದರಲ್ಲಿ ಇನ್ನೊಂದು ತಪ್ಪು ಹಿಡಿದಳು. ಯಾರೋ ಬೇರೆ ಹಾಡುಗಾರ್ತಿಯನ್ನು ತಿದ್ದುವವಳ ಹಾಗೆ ಹುರುಪಿನಿಂದ ತಿದ್ದುತ್ತಾ ಹೋದಳು.

"ಮತ್ತೆ ಹಾಡಣ ಇದನ್ನ."

"ಈಗ್ಲಾ? ಈ ಶ್ರುತಿ ಹಿಡಿಯತ್ತಾ ಚಿಕ್ಕಮ್ಮಾ?"

"ನಿನ್ ಶ್ರುತಿಪೆಟ್ಟಿಗೇನ ಕೆಳಗಿಳಿಸು. ನಾನು ಇಳಿದಿಲ್ವಾ?"

ಪೆಟ್ಟಿಗೆಯ ಶ್ರುತಿ ಇಳಿಸಿದೆ. ಅವಳು ಇನ್ನೂ ಇಳಿಸಲು ಕೈಸನ್ನೆ ಮಾಡಿದಳು. ಪಕ್ಕದಲ್ಲಿ ರಾಟೆಗಳು ಓಡುತ್ತಿದ್ದವು, ಮೇಷ್ಟ್ರು ಇರಲಿಲ್ಲ, ಡೋಲಕ್ ಇರಲಿಲ್ಲ. ಚಿಕ್ಕಮ್ಮ ಒಂದು ಸಾಲು ಹಾಡಿ, ಕೆಮ್ಮಿ, ನೀರು ಕುಡಿದಳು. ಮತ್ತೆ ಶುರುಮಾಡಿದಳು. ಮೇಲಕ್ಕೇರಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವಳು ಏರಲಿಲ್ಲ. ಕೆಳಗೆ ಇಳಿದು, ಅಲ್ಲಿ ಎರಡು ಸಲ ತಿರುಗಿಸಿ, ನೆಲ ಮುಟ್ಟಿದಂತೆ ನಿಂತಳು. ಅದು ಬೇರೆಯೇ ಚೆಲುವು. ಬಾಗಿಲಲ್ಲಿ ಮನೆಯವರು ಸೊಪ್ಪಿನ ಕುಡುಗೋಲು ಹಿಡಿದುಕೊಂಡೇ ನಿಂತಿದ್ದರು.

ಮಿಕ್ಕ ಹಾಡುಗಳನ್ನೂ ಒಂದೊಂದಾಗಿ ಮತ್ತೆ ಹಾಡಿಸಿ ಹಿಡಿದಿಟ್ಟೆ. ಈಗ ಅವಳ ಹಾಡುಗಳು ನನ್ನಲ್ಲಿ ಎರಡೆರಡು ಇವೆ, ಎತ್ತರದ ದನಿಯಲ್ಲಿ ಒಂದು, ಆಳದ ದನಿಯಲ್ಲಿ ಒಂದು. ಮೊನ್ನೆ ಗೌರಿಬಿದನೂರಿನ ಕಡೆ ನೆಂಟರ ಮದುವೆಯೊಂದರಲ್ಲಿ ಅರಿಶಿನದ ಹೊತ್ತಿಗೆ ಚಿಕ್ಕಮ್ಮನನ್ನೇ ಮುಂದೆ ಕೂರಿಸಿದರು. ಚಿಕ್ಕ ಹೆಣ್ಣುಮಕ್ಕಳು ಮೊಬೈಲಿನಲ್ಲಿ ನಾನು ಕಳಿಸಿದ್ದನ್ನು ಕೇಳಿ ಕಲಿತು ಬಂದಿದ್ದರು. ಬೀಸುವ ಹಾಡು ಬಂದಾಗ ಮೇಲಿನ ದನಿ ಅವರು ಹಿಡಿದರು, ಕೆಳಗಿನದನ್ನು ಚಿಕ್ಕಮ್ಮ ಹಿಡಿದಳು. ಹಾಡು ಮುಗಿದ ಮೇಲೆ ಅವರಲ್ಲೊಬ್ಬಳ ಗಲ್ಲಕ್ಕೆ ಅರಿಶಿನದ ಕೈಯಿಂದಲೇ ತಿವಿದು, "ಎರಡು ಸಾರಿ ತಿರುಗಿಸ್ಬೇಕಮ್ಮಾ ಅಲ್ಲಿ, ಓಡಿಹೋಗ್ಬೇಡ" ಎಂದು ಗದರಿದಳು.